ಲೀಸಿನ ವಿಮಾನ ಕೈ ಬದಲಾಗೋ ದಾರಿ ಸರಳ ಮಾಡ್ರಿ: ವಿಮಾನಯಾನ ಮಂತ್ರಿಗಳಿಗೆ ಬೆಳಗಾವಿಯಿಂದ ಒಂದು ಬಹಿರಂಗ ಪತ್ರ

ಕೇಂದ್ರ ನಾಗರಿಕ ವಿಮಾನಯಾನ ಮಂತ್ರಿಗಳಿಗೆ, ವಿಮಾನಯಾನದ ಮ್ಯಾಲ ನಿಗಾ ಇಡೋ ಡಿಜಿಸಿಎ ಕಚೇರಿಯ ಮಹಾನಿರ್ದೇಶಕರಿಗೆ, ಹಂಗ ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಬೆಳಗಾವಿಯಿಂದ ನಮಸ್ಕಾರ್ರಿ.

ಈ ಪತ್ರ ಕನ್ನಡದಾಗ ಬರ್ಯಾಕತ್ತೇನಿ, ಯಾಕಂದ್ರ ಇದು ನಿಮಗಷ್ಟ ಅಲ್ಲ, ಬೆಳಗಾವಿ ಬಾಗಲಕೋಟಿ ವಿಜಯಪುರದ ಮಂದಿಗೂ ತಿಳೀಬೇಕು, ನಾವು ಆರಿಸಿ ಕಳಿಸಿದ ಎಂಪಿ ಸಾಹೇಬ್ರಿಗೂ ತಿಳೀಬೇಕು. ವಿಷಯ ಏನಂದ್ರ, ನಮ್ಮ ದೇಶದಾಗ ಲೀಸಿನ ಮ್ಯಾಲ, ಅಂದ್ರ ಬಾಡಿಗಿ ಮ್ಯಾಲ, ಹಾರಾಕತ್ತಿರೋ ವಿಮಾನವನ್ನ ಒಂದು ದೇಶದ ಮಾಲಕ ಇನ್ನೊಂದು ದೇಶದಂವಗ ಮಾರೋವಾಗ ಎದುರಾಗೋ ಕಾನೂನು ತೊಡಕು. ಕೇಳಿದ್ರ ದಿಲ್ಲಿ ಮುಂಬೈ ವಕೀಲರಿಗಷ್ಟ ಬೇಕಾದ ಮಾತು ಅನ್ನಸ್ತೈತಿ. ಆದ್ರ ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿಮಾನ ಹತ್ತೋ ಎಲ್ಲಾರಿಗೂ ಇದರ ಬಿಸಿ ತಟ್ಟತೈತಿ, ಹೆಂಗಂತ ಹೇಳತೇನಿ.

ನಾ ಬೆಳಗಾವಿಯಂವ, ಏರ್‌ಫೋರ್ಸಿನ್ಯಾಗ ಟೆಕ್ನಿಕಲ್ ಕೆಲಸ ಮಾಡಿ ರಿಟೈರ್ ಆದ ಮ್ಯಾಲ ವಿಮಾನದ ರೆಕಾರ್ಡ್ಸ್ ನೋಡಿಕೊಡೋ ಕೆಲಸ ಮಾಡಾಕತ್ತೇನಿ, ಅಂದ್ರ ಯಾರರೆ ಲೀಸಿನ ವಿಮಾನ ಕೊಳ್ಳಾಕ ಬಂದ್ರ ಅದರ ಲಾಗ್‌ಬುಕ್, ಇಂಜಿನ್ ಕಾಗದ, ಲ್ಯಾಂಡಿಂಗ್ ಗೇರ್ ಕಾಗದ ಎಲ್ಲಾ ತಗದು ನೋಡಿ ಸರಿ ಐತೋ ಇಲ್ಲೋ ಅಂತ ವರದಿ ಕೊಡೋದು. ವಕೀಲ ಅಲ್ಲ. ಆದ್ರ ವಕೀಲರ ಕೆಲಸ ಎಲ್ಲಿ ಬಂದು ನಿಲ್ಲತೈತಿ ಅನ್ನೋದನ್ನ ಬಗಲಾಗ ಕುಂತು ನೋಡೇನಿ.

ಭಾಳ ಮಂದಿಗೆ ಇದು ಗೊತ್ತಿಲ್ಲ, ನಮ್ಮ ದೇಶದ ಏರ್‌ಲೈನ್ಸ್ ಹಾರಸೋ ವಿಮಾನದಾಗ ಸುಮಾರು ನೂರಕ್ಕ 80 ವಿಮಾನ ಅವರವಲ್ಲ, ಲೀಸಿನವು. ಜಗತ್ತಿನ ಲೆಕ್ಕ ನೋಡಿದ್ರ ಇದು ಅರ್ಧದ ಆಸುಪಾಸು ಬರತೈತಿ, ನಮ್ಮಲ್ಲಿ ಭಾಳ ಜಾಸ್ತಿ. ಮಾಲಕ ಐರ್ಲೆಂಡಿನ್ಯಾಗೋ ಸಿಂಗಾಪುರದಾಗೋ ದುಬೈದಾಗೋ ಇರತಾನ. ಐರ್ಲೆಂಡ್ ಅಂತೂ ಈ ಧಂದೆದ ತವರುಮನಿ, 1975 ರಾಗ ಶ್ಯಾನನ್ ಊರಾಗ ಗಿನ್ನೆಸ್ ಪೀಟ್ ಏವಿಯೇಷನ್ ಶುರು ಆದಾಗಿಂದ ಅಲ್ಲೇ ಬೆಳದೈತಿ. ಮುಂದಿನ ಸರತಿ ವಿಮಾನ ಹತ್ತೋವಾಗ ಕಾಕ್‌ಪಿಟ್ ಬಾಗಲಾ ತಗದಿದ್ರ ಸ್ವಲ್ಪ ಕಣ್ಣಾಡಸ್ರಿ, ಅಂಗೈಗಿಂತ ಸಣ್ಣ ಒಂದು ಲೋಹದ ಪಟ್ಟಿ ಇರತೈತಿ, ಅದರ ಮ್ಯಾಲ ಈ ವಿಮಾನದ ಮಾಲಕರು ಇಂಥವರು, ಇಂಥವರಿಗೆ ಲೀಸ್ ಕೊಟ್ಟೈತಿ ಅಂತ ಕೆತ್ತಿರತಾರ. ಇಂಜಿನ್ ಮ್ಯಾಲೂ ಬ್ಯಾರೆ ಪಟ್ಟಿ ಇರತೈತಿ. ಹೊರಗ ಬಣ್ಣ, ಹೆಸರು, ಲೋಗೋ ಎಲ್ಲಾ ಏರ್‌ಲೈನ್‌ದು, ಆಸ್ತಿ ಮಾತ್ರ ಆ ಪಟ್ಟಿಯೊಳಗಿನ ಹೆಸರಿನಂವಂದು.

ಈ ಮಾಲಕರು ವಿಮಾನ ಹಿಡಕೊಂಡು ಕುಂದ್ರಂಗಿಲ್ಲ. ಲೀಸ್ ನಡದಿರೋವಾಗ್ಲೇ ಇನ್ನೊಬ್ಬರಿಗೆ ಮಾರತಾರ. ನಮ್ಮ ಟಿಳಕವಾಡಿಯೊಳಗ ಬಾಡಿಗೆದಾರ ಇದ್ದಂಗ ಮನಿ ಮಾರತಾರಲ್ಲ ಹಂಗ, ಬಾಡಿಗೆದಾರ ಅಲ್ಲೇ ಇರತಾನ, ಬಾಡಿಗೆ ಮುಂದಿನ ತಿಂಗಳಿಂದ ಹೊಸ ಮಾಲಕಗ ಹೋಗತೈತಿ. ಪ್ರಯಾಣಿಕರಿಗೆ ಗೊತ್ತೂ ಆಗಂಗಿಲ್ಲ. ಈ ಮಾರಾಟ ಸರಳ ಇದ್ರ ಮಾಲಕರು ಧೈರ್ಯದಿಂದ ಭಾರತಕ್ಕ ವಿಮಾನ ಕೊಡತಾರ, ಬೇಕಾದಾಗ ಮಾರಿ ಹೊರಬೀಳಬಹುದು ಅಂತ. ಕಷ್ಟ ಇದ್ರ ಆ ಕಷ್ಟದ ಬೆಲಿ ಲೀಸ್ ಬಾಡಿಗಿಗೆ ಸೇರತೈತಿ, ಬಾಡಿಗಿ ಟಿಕೆಟಿಗೆ ಸೇರತೈತಿ. ದೊಡ್ಡ ಏರ್‌ಲೈನ್‌ದವರು ಚೌಕಾಶಿ ಮಾಡಿ ಉಳಕೋತಾರ, 2023 ರಾಗ ಇಂಡಿಗೋ ಒಂದ ಏಟಿಗೆ 500 ಏರ್‌ಬಸ್ ಆರ್ಡರ್ ಕೊಟ್ಟಿತು, ಅಂಥವರ ಮಾತಿಗೆ ತೂಕ ಇರತೈತಿ. ಐದಾರು ಸಣ್ಣ ವಿಮಾನ ಇಟ್ಕೊಂಡು ನಮ್ಮಂಥ ಊರಿಗೆ ಹಾರೋ ಕಂಪನಿ ಯಾರ ಕೂಡ ಚೌಕಾಶಿ ಮಾಡಬೇಕ್ರಿ?

ಸರ್ಕಾರ ಏನೂ ಮಾಡಿಲ್ಲ ಅಂತ ನಾ ಹೇಳಾಕತ್ತಿಲ್ಲ, ದೊಡ್ಡ ಕೆಲಸ ಮಾಡೀರಿ, ಅದಕ್ಕ ಮನಸಾರೆ ಧನ್ಯವಾದ. ಕೇಪ್‌ಟೌನ್ ಕನ್ವೆನ್ಷನ್ ಅಂತ 2001 ರಾಗ ಒಂದು ಅಂತರರಾಷ್ಟ್ರೀಯ ಒಪ್ಪಂದ ಆತು, ವಿಮಾನ, ಇಂಜಿನ್ ಮ್ಯಾಲಿನ ಹಕ್ಕು ಎಲ್ಲಾ ದೇಶದಾಗೂ ಒಂದ ನಮೂನಿ ಇರಬೇಕಂತ. ಭಾರತ 2008 ರಾಗ ಸೇರಿತು, ಆದ್ರ ನಮ್ಮದೇ ಕಾನೂನು ಮಾಡದ ಹಂಗ ಬಿಟ್ಟಿತು. ಅದರ ಪೆಟ್ಟು ಬಿದ್ದಿದ್ದು 2023 ರ ಮೇ ತಿಂಗಳದಾಗ, ಗೋ ಫಸ್ಟ್ ಅನ್ನೋ ಏರ್‌ಲೈನ್ ದಿವಾಳಿ ಅರ್ಜಿ ಹಾಕಿತು, ಕಂಪನಿ ವ್ಯಾಜ್ಯ ನೋಡೋ ಎನ್‌ಸಿಎಲ್‌ಟಿ ನ್ಯಾಯಮಂಡಳಿ ಮೇ 10 ಕ್ಕ ಒಪ್ಪಿತು, ದಿವಾಳಿ ಕಾನೂನಿನ ಸೆಕ್ಷನ್ 14 ರ ಮೊರಟೋರಿಯಂ, ಅಂದ್ರ ವಸೂಲಿಗೆ ತಡೆ, ಬಂತು, ಮಾಲಕರು ತಮ್ಮ ವಿಮಾನ ತಾವು ಮುಟ್ಟಂಗಿಲ್ಲ ಅಂತಾತು. ನಿಂತ ವಿಮಾನದಿಂದ ಭಾಗ ಬಿಚ್ಚಿ ತಗದಾರ ಅಂತ ಮಾಲಕರು ಕೋರ್ಟಿನ್ಯಾಗ ದೂರಿದ್ರು. ಅಕ್ಟೋಬರ್ 3 ಕ್ಕ ಸರ್ಕಾರ ವಿಮಾನಗಳನ್ನ ಮೊರಟೋರಿಯಂನಿಂದ ಹೊರಗಿಟ್ಟು ನೋಟಿಫಿಕೇಷನ್ ತಂದ್ರೂ ಬಿಕ್ಕಟ್ಟು ಬಗೆಹರೀಲಿಲ್ಲ, 2024 ರ ಏಪ್ರಿಲ್ 26 ಕ್ಕ ದಿಲ್ಲಿ ಹೈಕೋರ್ಟ್ 54 ವಿಮಾನದ ರಿಜಿಸ್ಟ್ರೇಷನ್ ರದ್ದು ಮಾಡ್ರಿ ಅಂತ ಡಿಜಿಸಿಎಗೆ ಹೇಳಿದ ಮ್ಯಾಲ ದಾರಿ ತೆರೀತು. ಹೆಚ್ಚೂಕಡಿಮಿ ಒಂದು ವರ್ಷ ಹೋತು. ರೆಕಾರ್ಡ್ಸ್ ಕೆಲಸದಂವನಾಗಿ ಹೇಳತೇನಿ, ಒಂದು ವರ್ಷ ನಿಂತ ವಿಮಾನ, ಅದೂ ಕಾಗದ ಸರಿ ಇಲ್ಲದ್ದು, ನೋಡಿದ್ರ ಹೊಟ್ಟಿ ಉರೀತೈತಿ. ಇಂಜಿನ್ ಒಳಗಿನ ತಿರುಗೋ ಭಾಗಗಳು ಫ್ಯಾಕ್ಟರಿಯಿಂದ ಹೊರಬಿದ್ದ ದಿನದಿಂದ ಇವತ್ತಿನ ತನಕ ಎಲ್ಲೆಲ್ಲಿ ಕೂತು ಎಷ್ಟು ಸೈಕಲ್ (ವಿಮಾನ ಒಂದು ಸರತಿ ಏರಿ ಇಳದ್ರ ಒಂದು ಸೈಕಲ್) ತಿರುಗ್ಯಾವ ಅನ್ನೋದಕ್ಕ ಒಂದೊಂದಕ್ಕೂ ಕಾಗದದ ಸರಪಳಿ ಇರಬೇಕು, ನಡುವ ಒಂದು ಕೊಂಡಿ ತಪ್ಪಿದ್ರ ಆ ಭಾಗ ಎಷ್ಟು ಹೊಸದಿದ್ರೂ ಯಾರೂ ಮುಟ್ಟಂಗಿಲ್ಲ.

ಅದಾದ ಮ್ಯಾಲ 2025 ರಾಗ ಸಂಸತ್ತು ವಿಮಾನ ವಸ್ತುಗಳ ಹಿತರಕ್ಷಣೆ ಕಾನೂನು ಪಾಸ್ ಮಾಡಿತು, ಮೇ 1 ರಿಂದ ಜಾರಿ ಬಂತು. ಈಗ ಏರ್‌ಲೈನ್ ದಿವಾಳಿ ಆದ್ರ 2 ತಿಂಗಳೊಳಗ ಬಾಕಿ ಚುಕ್ತಾ ಮಾಡಬೇಕು, ಇಲ್ಲಾಂದ್ರ ವಿಮಾನ ವಾಪಸ್ ಕೊಡಬೇಕು, ಬ್ಯಾರೆ ಕಾನೂನು ಅಡ್ಡ ಬಂದ್ರೂ ಇದ ಮ್ಯಾಲ. ಭಾಳ ಛಲೋ ಕಾನೂನು.

ಆದ್ರ ಸಾಹೇಬ್ರ, ಇದು ಜಗಳ ಆದ ಮ್ಯಾಲ ವಿಮಾನ ಬಿಡಿಸ್ಕೊಂಡು ಹೋಗೋ ದಾರಿ. ಜಗಳ ಇಲ್ಲದ, ಬಾಡಿಗಿ ಸರಿಯಾಗಿ ಬರಾಕತ್ತಿರೋ, ದಿನಾ ಹಾರಾಕತ್ತಿರೋ ವಿಮಾನ ಒಬ್ಬ ಮಾಲಕನಿಂದ ಇನ್ನೊಬ್ಬಗ ಹೋಗೋ ದಾರಿ ಇನ್ನೂ ಮೊದಲಿನಂಗ ಕಲ್ಲು ಮುಳ್ಳಾಗೇ ಐತಿ. ನಾ ಈ ಪತ್ರ ಬರ್ಯಾಕತ್ತಿದ್ದು ಅದಕ್ಕ.

ಮೊದಲನೇ ತೊಡಕು, ನನ್ನ ಲೆಕ್ಕಕ್ಕ ಎಲ್ಲಾದಕ್ಕಿಂತ ದೊಡ್ಡದು, ಮಾರಾಟ ಆಗೋ ಹೊತ್ತಿಗೆ ವಿಮಾನ ಎಲ್ಲಿರಬೇಕು ಅನ್ನೋದು. ಎರಡೂ ಪಾರ್ಟಿ ಪರದೇಶದವರು, ರೊಕ್ಕ ಪರದೇಶದಾಗ ಕೊಡೋದು, ಅಗ್ರಿಮೆಂಟ್ ಇಂಗ್ಲೆಂಡ್ ಇಲ್ಲಾ ನ್ಯೂಯಾರ್ಕ್ ಕಾನೂನಿನ ಪ್ರಕಾರ, ಆದ್ರೂ ಆ ಗಳಿಗಿಯೊಳಗ ವಿಮಾನ ಭಾರತದ ನೆಲದ ಮ್ಯಾಲ ನಿಂತಿದ್ರ ಇಲ್ಲಿ ಜಿಎಸ್‌ಟಿ ಬೀಳತೈತೋ, ಮಾರಿದಂವನ ಲಾಭಕ್ಕ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಬೀಳತೈತೋ ಅನ್ನೋ ಪ್ರಶ್ನೆ ಏಳತಾವ. ನೂರಾರು ಕೋಟಿ ಬೆಲಿ ಆಸ್ತಿ, ನಾಳೆ ಒಂದು ನೋಟಿಸ್ ಬಂದ್ರ ಏನ್ ಮಾಡೋದು ಅಂತ ಯಾರೂ ರಿಸ್ಕ್ ತಗೊಳ್ಳಂಗಿಲ್ಲ. ಅದಕ್ಕ ವಕೀಲರು ಏನ್ ಮಾಡತಾರಂದ್ರ, ವಿಮಾನ ಪರದೇಶಕ್ಕ ಹಾರೋ ದಿನ ಕಾಯತಾರ. ನಾ ಅಂಥ ಒಂದು ಕಾನ್ಫರೆನ್ಸ್ ಕಾಲಿನ್ಯಾಗ ಇದ್ದೆ. ಡಬ್ಲಿನ್‌ನಿಂದ ಒಬ್ಬರು, ಸಿಂಗಾಪುರದಿಂದ ಒಬ್ಬರು, ದಿಲ್ಲಿಯಿಂದ ವಕೀಲರು, ಎಲ್ಲಾರ ಸ್ಕ್ರೀನ್ ಮ್ಯಾಲೂ ಫ್ಲೈಟ್‌ರಾಡಾರ್, ಮುಂಬೈಯಿಂದ ದುಬೈಗೆ ಹೊಂಟಿದ್ದ ವಿಮಾನದ ಹಳದಿ ಗುರುತು ಅರಬ್ಬಿ ಸಮುದ್ರದ ಮ್ಯಾಲ ಸರಕೊಂತ ಹೋಗಾಕತ್ತಿತ್ತು. ಭಾರತದ ಸಮುದ್ರ ಗಡಿ 12 ನಾಟಿಕಲ್ ಮೈಲಿಗೆ ಮುಗೀತೈತಿ, ಆದ್ರ ಅವರು ಇನ್ನೂ ಭಾಳ ದೂರ ಹೋಗೋ ತನಕ ಸುಮ್ನ ಕುಂತ್ರು. ಆಮ್ಯಾಲ ಏರ್‌ಲೈನಿನ ಆಪರೇಷನ್ಸ್ ಕಡಿಯಾಂವ ಅಕ್ಷಾಂಶ ರೇಖಾಂಶ ಓದಿ ಹೇಳಿದ, ಮಾರಾಟಗಾರನ ವಕೀಲರು ರೊಕ್ಕ ಬಂದೈತಿ ಅಂದ್ರು, ಬಿಲ್ ಆಫ್ ಸೇಲ್, ಅಂದ್ರ ಮಾರಾಟ ಪತ್ರದ ಮ್ಯಾಲ ತಾರೀಖು, ಟೈಮು, ನಿಮಿಷದ ಸಮೇತ ತುಂಬಿದ್ರು, ವಿಮಾನದ ಮಾಲಕ ಬದಲಾದ. ಒಳಗ ಕುಂತು ಊಟ ಮಾಡೋ ಮಂದಿಗೆ ಏನೂ ಗೊತ್ತಿಲ್ಲ.

ಈಗ ನನ್ನ ಪ್ರಶ್ನೆ ಕೇಳ್ರಿ. ದುಬೈಗೆ ಹೋಗೋ ಏರ್‌ಬಸ್‌ಗೆ ಈ ದಾರಿ ಐತಿ. ಬೆಳಗಾವಿಯಿಂದ ಮುಂಬೈಗೆ, ಬೆಳಗಾವಿಯಿಂದ ನಾಗಪುರಕ್ಕ, ಹೈದರಾಬಾದಿಗೆ ಹಾರೋ ಎಟಿಆರ್, ಎಂಬ್ರೇರ್ ಅನ್ನೋ ಸಣ್ಣ ವಿಮಾನಗಳಿಗೆ ಯಾವ ದಾರಿ ಐತ್ರಿ? ಅದು ಭಾರತ ಬಿಟ್ಟು ಹೊರಗ ಹೋಗೋದ ಇಲ್ಲ. ಅದರ ಮಾಲಕ ಬದಲಾಗಬೇಕಂದ್ರ ಒಂದೋ ಪರದೇಶದಾಗ ದೊಡ್ಡ ಮೇಂಟೆನೆನ್ಸ್ ಚೆಕ್ ಬರೋ ತನಕ ಕಾಯಬೇಕು, ಇಲ್ಲಾ ಬರೀ ಇದಕ್ಕ ಅಂತ ಖಾಲಿ ವಿಮಾನ ಹಾರಸ್ಬೇಕು. ಪೈಲಟ್ ಖರ್ಚು, ಇಂಧನ, ಆ ದಿನದ ರೂಟ್ ಕ್ಯಾನ್ಸಲ್, ಇದೆಲ್ಲಾ ಯಾರ ಮ್ಯಾಲ ಹಾಕೋದು? ನಾ ರೆಕಾರ್ಡ್ಸ್ ನೋಡಿದ ಒಂದು ಸಣ್ಣ ವಿಮಾನದ ವ್ಯವಹಾರ ಇದ ಕಾರಣಕ್ಕ ಮುರದು ಬಿತ್ತು. ಕಾಗದ ಎಲ್ಲಾ ಚೊಕ್ಕ ಇದ್ದವು, ಬೆಲಿ ಒಪ್ಪಿಗಿ ಆಗಿತ್ತು, ಕೊಳ್ಳೋ ಪಾರ್ಟಿ ಲೀಸ್ ಮುಂದುವರಸಾಕ ತಯಾರಿದ್ದ. ವಿಮಾನ ಎಲ್ಲಿ ನಿಲ್ಲಿಸಿ ಸಹಿ ಮಾಡೋದು ಅನ್ನೋದಕ್ಕ ಉತ್ತರ ಸಿಗಲಿಲ್ಲ. ಟ್ಯಾಕ್ಸ್ ಸಲಹೆಗಾರರು ಇಬ್ಬರು, ಇಬ್ಬರದೂ ಬ್ಯಾರೆ ಬ್ಯಾರೆ ಅಭಿಪ್ರಾಯ. ಕಡೀಕ ಆ ಪಾರ್ಟಿ ಬ್ಯಾರೆ ದೇಶದಾಗಿನ ವಿಮಾನ ಕೊಂಡ. ನಮ್ಮ ಕಡೆ ಹಾರೋ ವಿಮಾನದಾಗ ರೊಕ್ಕ ಹಾಕಬೇಕಂತ ಬಂದಾಂವ ಹಿಂಗ ತಿರುಗಿ ಹೋದ್ನಲ್ಲ ಅಂತ ನನಗ ಇನ್ನೂ ಸಂಕಟ ಐತಿ.

ಎರಡನೇದು ಕಾಗದದ ಇಕ್ಕಟ್ಟು. ಹೊಸ ಮಾಲಕನ ಹೆಸರು ಡಿಜಿಸಿಎ ರಿಜಿಸ್ಟ್ರೇಷನ್ ಸರ್ಟಿಫಿಕೇಟಿನ ಮ್ಯಾಲ ಬರಬೇಕಂದ್ರ ಮಾರಾಟದ ಕಾಗದ ಕೊಡಬೇಕು, ಪವರ್ ಆಫ್ ಅಟಾರ್ನಿ ನೋಟರಿ ಮಾಡಿಸಿ ಅಪಾಸ್ಟಿಲ್ (ಪರದೇಶದ ಕಾಗದ ಖರೇ ಐತಿ ಅನ್ನೋ ಸರ್ಕಾರಿ ಮುದ್ರಿ) ಹಚ್ಚಿಸಿ ಕೊಡಬೇಕು, ಸರಿ. ಆದ್ರ ಪರದೇಶದಾಗ ಸಹಿ ಆದ ಕಾಗದ ಭಾರತದೊಳಗ ಬಂದ್ರ 1899 ರ ಸ್ಟ್ಯಾಂಪ್ ಕಾನೂನಿನ ಪ್ರಕಾರ 3 ತಿಂಗಳೊಳಗ ಸ್ಟ್ಯಾಂಪ್ ಹಚ್ಚಬೇಕು ಅನ್ನೋ ಪ್ರಶ್ನೆ ಬರತೈತಿ, ರೇಟ್ ಒಂದೊಂದು ರಾಜ್ಯಕ್ಕ ಒಂದೊಂದು. ವಕೀಲರು ಮೂಲ ಕಾಗದ ಭಾರತಕ್ಕ ತರಬ್ಯಾಡ್ರಿ ಅಂತಾರ, ಸರ್ಕಾರಿ ಟೇಬಲ್ ಮ್ಯಾಲ ಕಾಗದ ಇಲ್ಲದ ಕೆಲಸ ಆಗಂಗಿಲ್ಲ. ಎರಡೂ ಕಡಿಯವರು ತಮ್ಮ ತಮ್ಮ ಜಾಗಾದಾಗ ಸರಿನ ಅದಾರ. ತಪ್ಪು ನಡುವ ನಿಯಮ ಇಲ್ಲದ್ದು.

ಇದರ ಜೋಡಿ ಕಸ್ಟಮ್ಸ್ ಶರತ್ತು ಒಂದು. ಲೀಸಿನ ವಿಮಾನ ತರೋವಾಗ ಐಜಿಎಸ್‌ಟಿ, ಅಂದ್ರ ಆಮದಿನ ಮ್ಯಾಲಿನ ಜಿಎಸ್‌ಟಿ, ವಿನಾಯ್ತಿ ಸಿಗತೈತಿ, ಬದಲಿಗೆ ಏರ್‌ಲೈನ್ ಬರದು ಕೊಡಬೇಕು: ಲೀಸ್ ಬಾಡಿಗಿ ಮ್ಯಾಲ ಟ್ಯಾಕ್ಸ್ ಕಟ್ಟತೇವಿ, ಕಸ್ಟಮ್ಸ್ ಕಮಿಷನರ್ ಪರವಾನಿಗಿ ಇಲ್ಲದ ವಿಮಾನ ಮಾರಂಗಿಲ್ಲ ಯಾರ ಕೈಗೂ ಕೊಡಂಗಿಲ್ಲ, ಲೀಸ್ ಮುಗದ 3 ತಿಂಗಳೊಳಗ ವಾಪಸ್ ಕಳಸತೇವಿ. ಇದನ್ನ ಬರದವರು ಏರ್‌ಲೈನ್ ಮೋಸ ಮಾಡಬಾರದಂತ ಬರದಾರ, ಒಪ್ಪತೇನಿ. ಆದ್ರ ಏರ್‌ಲೈನ್ ಅಲ್ಲ, ಪರದೇಶದ ಮಾಲಕ ಮಾರಿದ್ರ ಈ ಪರವಾನಿಗಿ ಬೇಕೋ ಬ್ಯಾಡೋ? ಕೊಳ್ಳಾಂವ ಭಾರತದಾಂವನ ಇದ್ರ, ಗುಜರಾತಿನ ಗಿಫ್ಟ್ ಸಿಟಿ ಅನ್ನೋ ಹಣಕಾಸು ಕೇಂದ್ರದಾಗ ಕಂಪನಿ ತಗದಾಂವ ಇದ್ರ, ವಾಪಸ್ ಕಳಸೋ ಮಾತು ಏನಾಗತೈತಿ? ಗಿಫ್ಟ್ ಸಿಟಿಯೊಳಗ ವಿಮಾನ ಲೀಸಿಂಗ್ ಬೆಳೀಲಿ ಅಂತ 2020 ರಿಂದ ಸರ್ಕಾರನ ನಿಂತು ಮಾಡಸಾಕತ್ತೈತಿ, ಏರ್ ಇಂಡಿಯಾದ ಮೊದಲನೇ ಎ350 ಅಲ್ಲಿಂದನ ಬಂತು. ಅಂದ ಮ್ಯಾಲ ಈಗಾಗ್ಲೇ ಭಾರತದಾಗ ಹಾರೋ ವಿಮಾನ ಅಲ್ಲಿಯವರು ಕೊಳ್ಳೋದು ಸರಳ ಇರಬೇಕಲ್ಲ?

ಐಡೇರಾ ಅಂತ ಒಂದು ಕಾಗದ ಐತಿ, ಬಾಡಿಗಿ ತಪ್ಪಿದ್ರ ವಿಮಾನದ ರಿಜಿಸ್ಟ್ರೇಷನ್ ತಗದು ಹೊರಗ ಒಯ್ಯಾಕ ಏರ್‌ಲೈನ್ ಮೊದಲ ಸಹಿ ಮಾಡಿ ಕೊಟ್ಟಿರೋ ಅಧಿಕಾರ. ಮಾಲಕ ಬದಲಾದ್ರ ಹಳೇದು ರದ್ದಾಗಿ ಹೊಸದು ಡಿಜಿಸಿಎ ದಾಖಲಿಯೊಳಗ ಹೋಗಬೇಕು. ಈ ಎರಡರ ನಡುವಿನ ದಿನಗಳಾಗ ಏರ್‌ಲೈನ್ ಮುಳುಗಿದ್ರ ಹಳೇ ಮಾಲಕನ ಕೈಯಾಗೂ ಅಧಿಕಾರ ಇಲ್ಲ, ಹೊಸಬನ ಕೈಯಾಗೂ ಇಲ್ಲ. ಡಬ್ಲಿನ್‌ದಾಗಿರೋ ಅಂತರರಾಷ್ಟ್ರೀಯ ರಿಜಿಸ್ಟ್ರಿಯೊಳಗ ವಿಮಾನಕ್ಕ ಒಂದು, ಎರಡು ಇಂಜಿನ್‌ಗೆ ಎರಡು ಅಂತ ಆನ್‌ಲೈನ್‌ದಾಗ ರಿಜಿಸ್ಟರ್ ಮಾಡಬಹುದು, ಯಾರು ಮೊದಲ ಹಾಕತಾರೋ ಅವರ ಹಕ್ಕು ಮೊದಲ. ಮಾರಾಟಕ್ಕಿಂತ ಮುಂಚೇನ ಮುಂದಾಗೋ ಹಕ್ಕು ಅಂತ ಜಾಗಾ ಹಿಡಕೊಂಡು ಇಡಬಹುದು. ನಮ್ಮ ಡಿಜಿಸಿಎಯೊಳಗೂ ಹಂಗ ಮುಂಗಡ ಅರ್ಜಿ ತಗೊಂಡು, ಮಾರಾಟದ ನಿಮಿಷಕ್ಕ ಹಳೇದು ಹೋಗಿ ಹೊಸದು ಬರೋ ವ್ಯವಸ್ಥಾ ಮಾಡಿದ್ರ ಈ ಭಯನ ಇರಂಗಿಲ್ಲ. ಡಿಜಿಸಿಎದ ಆನ್‌ಲೈನ್ ಇಜಿಸಿಎ ಪೋರ್ಟಲ್ ಐತೇ ಐತಿ.

ಈಗ ಏರ್‌ಲೈನ್ ಕೊಡಬೇಕಾದ ಬಾಕಿ ರೊಕ್ಕದ ವಿಷಯಕ್ಕ ಬರತೇನಿ. ಕೇಪ್‌ಟೌನ್ ಒಪ್ಪಂದ ಸೇರೋವಾಗ ಭಾರತ ಕೆಲವು ಬಾಕಿಗೆ ವಿಮಾನದ ಮ್ಯಾಲ ಮೊದಲಿನ ಹಕ್ಕು ಉಳಿಸ್ಕೊಂಡೈತಿ, ನೌಕರರ ಪಗಾರ, ಸರ್ಕಾರದ ಟ್ಯಾಕ್ಸ್, ರಿಪೇರಿ ಮಾಡಿದವರ ರೊಕ್ಕ. ಪಗಾರದ ಹಕ್ಕು ಉಳೀಲೇಬೇಕು, ಅದರ ವಿರುದ್ಧ ನಾ ಒಂದು ಮಾತೂ ಆಡಂಗಿಲ್ಲ. 2019 ರಾಗ ಜೆಟ್ ಏರ್‌ವೇಸ್ ನಿಂತಾಗ ಅಲ್ಲಿ ದುಡಿಯೋ ಎಷ್ಟು ಮನಿತನ ಕಷ್ಟಕ್ಕ ಬಿದ್ದವು ಅನ್ನೋದು ಈ ಕೆಲಸದಾಗ ಇರೋ ಎಲ್ಲಾರಿಗೂ ಗೊತ್ತೈತಿ. ನಾ ಕೇಳೋದು ಇಷ್ಟ, ಆ ಬಾಕಿ ಎಷ್ಟೈತಿ ಅನ್ನೋದು ವಿಮಾನ ಕೊಳ್ಳಾಂವಗ ಮೊದಲ ಕಾಣಬೇಕು. ಹೊಸ ಕಾನೂನಿನ ಪ್ರಕಾರ ಏರ್‌ಲೈನ್‌ಗಳು ತಮ್ಮ ಬಾಕಿ ಲೆಕ್ಕ ಡಿಜಿಸಿಎಗೆ ಕೊಡಬೇಕು. ಆ ಲೆಕ್ಕ ಕೊಳ್ಳಾಕ ಬಂದಂವಗ, ಏರ್‌ಲೈನ್ ಒಪ್ಪಿಗಿ ಮ್ಯಾಲ, ಒಂದು ಸರ್ಟಿಫಿಕೇಟ್ ರೂಪದಾಗ ಸಿಗೋಹಂಗ ಮಾಡ್ರಿ. ನಮ್ಮ ಕಡೆ ಹೊಲ ಕೊಳ್ಳೋ ರೈತ ಸೈತ ಬೋಜಾ, ಅಂದ್ರ ಸಾಲ, ಎಷ್ಟೈತಿ ಅಂತ ಪಹಣಿ ಉತಾರದಾಗ ನೋಡೇ ಮುಂಗಡ ಕೊಡತಾನ.

ಇಷ್ಟೆಲ್ಲಾ ತೊಡಕು ಇದ್ರೂ ದೊಡ್ಡವರ ವ್ಯವಹಾರ ನಿಂತಿಲ್ಲ, ಅದನ್ನೂ ಹೇಳತೇನಿ. ವಿಮಾನ ಮಾರೋ ಬದಲು ವಿಮಾನದ ಮಾಲಕ ಕಂಪನಿಯನ್ನ ಮಾರಿಬಿಡತಾರ, ಇಲ್ಲಾ ವಿಮಾನ ಒಂದು ಟ್ರಸ್ಟಿನ ಹೆಸರಿಗಿದ್ರ ಟ್ರಸ್ಟಿನ ಫಲಾನುಭವಿಯನ್ನ ಬದಲ ಮಾಡತಾರ. ಕಾಗದದ ಮ್ಯಾಲ ಮಾಲಕ ಅವನ, ಹಿಂದಿನ ಯಜಮಾನ ಮಾತ್ರ ಬ್ಯಾರೆ. ನಮ್ಮ ಬೆಳಗಾವಿಗೆ ಹತ್ತರದ ಉದಾಹರಣಿ ಕೊಡತೇನಿ: ಸ್ಟಾರ್ ಏರ್ 2023 ರಾಗ ತಗೊಂಡ ಮೊದಲನೇ ಎಂಬ್ರೇರ್ 175 ವಿಮಾನಗಳು ನಾರ್ಡಿಕ್ ಏವಿಯೇಷನ್ ಕ್ಯಾಪಿಟಲ್ ಅನ್ನೋ ಐರ್ಲೆಂಡ್ ಕಂಪನಿಯಿಂದ ಲೀಸಿಗೆ ಬಂದಿದ್ವು, 2025 ರಾಗ ಆ ಇಡೀ ಕಂಪನಿಯನ್ನ ದುಬೈ ಏರೋಸ್ಪೇಸ್ ಎಂಟರ್‌ಪ್ರೈಸ್ ಕೊಂಡಿತು. ಇಡೀ ಕಂಪನಿ ಕೊಂಡಾಗ ಒಂದೊಂದು ವಿಮಾನಕ್ಕೂ ಹಿಂಗ ಸಮುದ್ರದ ಮ್ಯಾಲ ಹೋಗಿ ಸಹಿ ಮಾಡೋ ಅವಶ್ಯಕತಿ ಬರಂಗಿಲ್ಲ. ಇದು ಕಾನೂನುಬದ್ಧ, ಇದರಾಗ ತಪ್ಪೇನಿಲ್ಲ. ಆದ್ರ ಇಡೀ ಕಂಪನಿ ಕೊಳ್ಳೋ ತಾಕತ್ತು ಎಷ್ಟು ಮಂದಿಗೆ ಇರತೈತಿ? ಒಂದೋ ಎರಡೋ ಸಣ್ಣ ವಿಮಾನ ಕೊಂಡು ಲೀಸಿಗೆ ಬಿಡಬೇಕು ಅನ್ನೋ ಸಣ್ಣ ಹೂಡಿಕೆದಾರ, ನಮ್ಮ ದೇಶದಾಂವ ಇರಲಿ ಹೊರದೇಶದಾಂವ ಇರಲಿ, ಅವನಿಗೆ ಉಳಿಯೋದು ಕಲ್ಲು ಮುಳ್ಳಿನ ದಾರಿನ. ಸಣ್ಣ ವಿಮಾನದಾಗ ರೊಕ್ಕ ಹಾಕೋರೂ ಇಂಥವರ ಜಾಸ್ತಿ.

ಬೆಳಗಾವಿ ವಿಮಾನ ನಿಲ್ದಾಣ 1942 ರಾಗ ಆಗಿದ್ದು, ಉತ್ತರ ಕರ್ನಾಟಕದಾಗ ಎಲ್ಲಾದಕ್ಕಿಂತ ಹಳೇದು, ಪಕ್ಕದಾಗ ಏರ್‌ಮೆನ್ ಟ್ರೇನಿಂಗ್ ಸ್ಕೂಲ್, ಅತ್ತ ಹತ್ತರಗಿಯೊಳಗ ಏಕಸ್ ಕಂಪನಿಯವರು ಏರ್‌ಬಸ್‌ಗೆ ಭಾಗ ಮಾಡಿ ಕಳಸತಾರ. ವಿಮಾನದ ಭಾಗ ಮಾಡೋ ಊರಿಗೆ ವಿಮಾನ ಮಾತ್ರ ಸ್ಥಿರವಾಗಿ ನಿಲ್ಲವಲ್ದು. ಟ್ರೂಜೆಟ್ ಹೈದರಾಬಾದ್, ತಿರುಪತಿ, ಮೈಸೂರಿಗೆ ಹಾರಿಸ್ತು, 2022 ರಾಗ ಆ ಕಂಪನಿನ ನಿಂತು ಹೋತು. ಸಣ್ಣ ಊರಿಗೆ ವಿಮಾನ ಹಾರಸೋ ಕೇಂದ್ರದ ಉಡಾನ್ ಯೋಜನೆಯ 3 ವರ್ಷದ ಸಹಾಯಧನ ಮುಗದ ಮ್ಯಾಲ ಹಲವು ರೂಟ್ ಬಂದ್ ಆದವು. ಇದಕ್ಕೆಲ್ಲಾ ಲೀಸ್ ಕಾನೂನ ಕಾರಣ ಅಂತ ಹೇಳಿದ್ರ ಸುಳ್ಳಾಗತೈತಿ, ಇಂಧನ ಬೆಲಿ, ಪ್ರಯಾಣಿಕರ ಸಂಖ್ಯಾ, ಭಾಳ ಕಾರಣ ಅದಾವ. ಆದ್ರ ಸಣ್ಣ ಕಂಪನಿಗೆ ಪ್ರತಿ ತಿಂಗಳ ತಪ್ಪದ ಖರ್ಚು ಲೀಸ್ ಬಾಡಿಗಿ, ಅದನ್ನ ಕಡಿಮಿ ಮಾಡಾಕ ಸರ್ಕಾರಕ್ಕ ಒಂದು ರೂಪಾಯಿ ಸಬ್ಸಿಡಿನೂ ಬ್ಯಾಡ, ನಿಯಮ ಸ್ಪಷ್ಟ ಮಾಡಿದ್ರ ಸಾಕು. ವಿಜಯಪುರದ ಬುರಣಾಪುರದಾಗ ಕೋಟ್ಯಂತರ ರೂಪಾಯಿ ಹಾಕಿ ಏರ್‌ಪೋರ್ಟ್ ಕಟ್ಯಾರ, ರನ್‌ವೇ ಮ್ಯಾಲ ಇಳ್ಯಾಕ ಸಣ್ಣ ವಿಮಾನ ಬೇಕಲ್ರಿ.

ಅದಕ್ಕ ನನ್ನ ವಿನಂತಿ ಇಷ್ಟು. ಲೀಸ್ ನಡದಿರೋವಾಗ ಇಬ್ಬರು ಪರದೇಶಿ ಮಾಲಕರ ನಡುವ, ಇಲ್ಲಾ ಪರದೇಶಿ ಮಾಲಕನಿಂದ ಗಿಫ್ಟ್ ಸಿಟಿ ಕಂಪನಿಗೆ, ವಿಮಾನ ಮಾರಾಟ ಆದ್ರ ಆ ಹೊತ್ತಿಗೆ ವಿಮಾನ ಭಾರತದಾಗ ನಿಂತಿದ್ರೂ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಏನಾಗತೈತಿ ಅನ್ನೋದನ್ನ ಹಣಕಾಸು ಇಲಾಖೆ ಒಂದು ಸುತ್ತೋಲೆಯೊಳಗ ಖಡಕ್ಕಾಗಿ ಹೇಳಲಿ. ಲೀಸ್ ಬಾಡಿಗಿ ಮ್ಯಾಲ ಟ್ಯಾಕ್ಸ್ ಬರಾಕತ್ತೈತಿ, ಮಾರಾಟ ಸಮುದ್ರದ ಮ್ಯಾಲ ಆಗೋದರಿಂದ ಸರ್ಕಾರಕ್ಕ ಈಗಲೂ ಅದರಿಂದ ಏನೂ ಸಿಗವಲ್ದು, ಹಂಗಾಗಿ ವಿನಾಯ್ತಿ ಕೊಟ್ರೂ ಕಳಕೊಳ್ಳೋದೇನಿಲ್ಲ. ಡಿಜಿಸಿಎಗೆ ಕೊಡೋ ಮಾರಾಟದ ಕಾಗದಕ್ಕ ಸ್ಟ್ಯಾಂಪ್ ಡ್ಯೂಟಿ ಇಡೀ ದೇಶಕ್ಕ ಒಂದು ನಿಗದಿ ಮೊತ್ತ ಆಗಲಿ, ಇದಕ್ಕ ರಾಜ್ಯಗಳ ಕೂಡ ಮಾತಾಡಬೇಕಾಗತೈತಿ, ಕರ್ನಾಟಕ ಸರ್ಕಾರ ಮೊದಲನೇ ಹೆಜ್ಜಿ ಇಟ್ರ ನಮಗ ಭಾಳ ಹೆಮ್ಮಿ. ಕಸ್ಟಮ್ಸ್ ಶರತ್ತಿನ್ಯಾಗ ಮಾಲಕ ಬದಲಾದ್ರೂ ಲೀಸ್ ಅದ ಇದ್ರ ಬರೀ ತಿಳಿಸಿದ್ರ ಸಾಕು ಅಂತ ಒಂದು ಸಾಲು ಸೇರಸ್ರಿ. ಐಡೇರಾ ಬಂದ್ರ 5 ಕೆಲಸದ ದಿನದಾಗ ರಿಜಿಸ್ಟ್ರೇಷನ್ ರದ್ದು ಮಾಡಬೇಕು ಅಂತ ನಿಮ್ಮದ ನಿಯಮ ಐತಿ, ಅದ ಗಡುವು ಮಾಲಕನ ಹೆಸರು ಬದಲ ಮಾಡೋದಕ್ಕೂ ಇಡ್ರಿ, ತಗದು ಹಾಕಾಕ 5 ದಿನ ಸಾಕಾದ್ರ ಬರಕೊಳ್ಳಾಕೂ ಸಾಕು.

ಬೆಳಗಾವಿ, ಬಾಗಲಕೋಟಿ, ವಿಜಯಪುರದ ಸಂಸದರಲ್ಲಿ ಕೈ ಮುಗದು ಕೇಳತೇನಿ, ಮುಂದಿನ ಅಧಿವೇಶನದಾಗ ಈ ವಿಷಯದ ಮ್ಯಾಲ ಒಂದು ಪ್ರಶ್ನೆ ಹಾಕ್ರಿ. ಹೊಸ ರೂಟ್ ಬೇಕು ಅಂತ ಕೇಳೋದರ ಜೋಡಿ, ಆ ರೂಟಿನ್ಯಾಗ ಹಾರೋ ವಿಮಾನ ಕೊಳ್ಳಾಕ ಬಂದವರಿಗೆ ಯಾವ ಇಲಾಖೆ ಎಷ್ಟು ದಿನದಾಗ ಉತ್ತರ ಕೊಡತೈತಿ ಅಂತನೂ ಕೇಳ್ರಿ. ಕಾಗದ ಪತ್ರದ ಕೆಲಸದಾಗ ನನ್ನಿಂದ ಏನರೆ ಸಹಾಯ ಬೇಕಂದ್ರ, ಯಾವ ಕಮಿಟಿ ಮುಂದ ಬಂದು ಹೇಳಂದ್ರೂ, ನನ್ನ ಖರ್ಚಿನ್ಯಾಗ ದಿಲ್ಲಿಗೆ ಬಂದು ಹೇಳಾಕ ತಯಾರದೇನಿ.

ಇಂತಿ,
ವಿಮಾನ ರೆಕಾರ್ಡ್ಸ್ ಕೆಲಸದ ಒಬ್ಬ ನಾಗರಿಕ, ಬೆಳಗಾವಿ